ಇಂಡೆಂಟು

ಸಂಡೂರಿನ ಗುಡ್ಡದ ಮೇಲೆ, ವರ್ಕ್‌ಶಾಪಿನ ಷಟರ್ ಎಳೆದು
ಮೂರು ದೀಪ ಬೆಂಚಿನ ಮೇಲಿಟ್ಟುಕೊಂಡಿದ್ದೇನೆ.
ಮೂರು ರಾತ್ರಿ ಡಂಪರಿನ ತಲೆಯ ಮೇಲಿದ್ದು
ಈಗಷ್ಟೇ ಇಳಿದು ಬಂದವು.
ಯಾವುದು ಬೇಕು, ಬೆಳಗಾಗುವುದರೊಳಗೆ ಬರೆದುಕೊಡು ಎಂದಿದ್ದಾರೆ.
ಹೊರಗೆ ಜುಲೈ ತಿಂಗಳ ಮಂಜು,
ಅದಿರಿನ ಧೂಳು ನೆನೆದು ರಾಡಿ;
ಬೂಟಿಗೂ ಗಾಜಿಗೂ ಒಂದೇ ಬಣ್ಣ.

ಮೊದಲನೆಯದು ಹಳೆಯದು.
ಕಿತ್ತಳೆ ಗುಮ್ಮಟದೊಳಗೆ ಒಂದೇ ಬಲ್ಬು, ಕದಲುವುದಿಲ್ಲ.
ಸುತ್ತುವುದು ಅದರ ಬೆನ್ನ ಹಿಂದಿನ ಕನ್ನಡಿ.
ಇದು ತಿಳಿಯಲು ನನಗೆ ಐಟಿಐ ಎರಡನೇ ವರ್ಷ ಬೇಕಾಯಿತು,
ಅಲ್ಲಿಯವರೆಗೂ ದೀಪವೇ ತಿರುಗುತ್ತದೆ ಅಂದುಕೊಂಡಿದ್ದೆ
ಊರೆಲ್ಲ ಅಂದುಕೊಂಡ ಹಾಗೆ.
ಎಪ್ಪತ್ತು ವ್ಯಾಟ್ ತಿನ್ನುತ್ತದೆ, ಬಹುಪಾಲು ಬರೀ ಕಾವು.
ಉಳಿದ ಚೂರು ಬೆಳಕಲ್ಲೂ ಒಂದು ಪಾಲು ಆ ಕಿತ್ತಳೆ ಗಾಜೇ ನುಂಗುತ್ತದೆ.
ಹಾಲ್ ರೋಡಿನ ಕುಲುಕಾಟಕ್ಕೆ ತಂತಿ ಕಡಿಯುತ್ತದೆ;
ಸತ್ತ ಬಲ್ಬನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ
ಒಣಗಿದ ಬಾಗೆಕಾಯಿಯ ಸದ್ದು.
ಆದರೂ ಅದು ಕತ್ತಲು ಗುಡಿಸುತ್ತಾ ಬರುತ್ತದೆ.
ಗೋಡೆ, ಬಂಡೆ, ನಿನ್ನ ಮುಖ, ಮತ್ತೆ ಗೋಡೆ.
ಗಾಡಿಗಿಂತ ಮುಂಚೆ ತಿರುವಿನಾಚೆಯಿಂದ
ಗುಡ್ಡದ ಮೈ ಸವರಿ ಹೇಳಿಬಿಡುತ್ತದೆ.

ಎರಡನೆಯದು ಝೆನಾನ್.
ಬಾಗಿದ ಗಾಜಿನ ಕೊಳವೆ, ಕೆಳಗೊಂದು ಕೆಪಾಸಿಟರ್.
ಕುಂಯ್ ಎಂದು ಉಸಿರು ತುಂಬಿಕೊಂಡು
ಟಪ್.
ರೆಪ್ಪೆ ಮುಚ್ಚುವ ಮೊದಲೇ ಮುಗಿದಿರುತ್ತದೆ.
ಮೈಲಿ ದೂರಕ್ಕೂ ಕಾಣುತ್ತದೆ, ನಿಜ.
ಎಷ್ಟು ದೂರ ಎನ್ನುವುದು ಕಾಣುವುದಿಲ್ಲ.
ಹೋದ ಮಳೆಗಾಲ ಗ್ರೇಡರ್ ಗಾದಿಲಿಂಗಪ್ಪ
ಆರನೇ ಬೆಂಚಿನಲ್ಲಿ ರಿವರ್ಸ್ ಬಂದವನು
ಸರ್ವೆಯವರ ಜೀಪಿನ ಮೂತಿ ಜಜ್ಜಿದ.
"ದೀಪ ಕಾಣ್ಲಿಲ್ಲೇನೋ?"
"ಕಾಣ್ತು ಸಾರ್. ಒಂದ್ಸಲ ಅಲ್ಲಿತ್ತು, ಒಂದ್ಸಲ ಇಲ್ಲಿತ್ತು.
ನಡುವೆ ಎಲ್ಲಿತ್ತೋ ಗೊತ್ತಿಲ್ಲ."
ಎನ್‌ಕ್ವಯರಿಯವರು ಕೊನೆಯ ಮಾತು ಬರೆದುಕೊಳ್ಳಲಿಲ್ಲ.
ನಾನು ಬರೆದುಕೊಂಡೆ, ಫ್ಯೂಸ್ ಡಬ್ಬಿಯ ಹಿಂಬದಿಗೆ.

ಮೂರನೆಯದು ಎಲ್‌ಇಡಿ.
ತೊಗರಿಬೇಳೆ ಸುತ್ತಲೂ ಅಂಟಿಸಿದ ಹಾಗೆ.
ತನ್ನ ಬಣ್ಣ ತಾನೇ ಹುಟ್ಟಿಸಿಕೊಳ್ಳುತ್ತದೆ, ಗಾಜಿನ ಹಂಗಿಲ್ಲ.
ಮೋಟಾರಿಲ್ಲ, ಕನ್ನಡಿಯಿಲ್ಲ, ಕುಲುಕಿದರೆ ಕೇರಿಲ್ಲ.
ಒಂದು ಬೇಳೆ ಸತ್ತರೆ ಉಳಿದವು ಬಾಯಿ ಬಿಡುವುದಿಲ್ಲ.
ಅದು ಉಂಡದ್ದು ಬ್ಯಾಟರಿಗೇ ತಿಳಿಯುವುದಿಲ್ಲ.
ಇಷ್ಟು ಬರೆದು ಸಹಿ ಹಾಕಬಹುದಿತ್ತು.

ಹೆಲ್ಪರ್ ಮಾಬುಸಾಬ್, ರಿಟೈರಾಗಲು ಏಳು ತಿಂಗಳು,
ಎಡಗಣ್ಣಿಗೆ ಪೊರೆ,
ನಾ ಹೇಳ್ತೀನಿ ತಡಿ ಎಂದು
ಎರಡೂ ಕಣ್ಣು ಮುಚ್ಚಿ ಬೆಂಚಿನೆದುರು ನಿಂತ.
ಒಂದೊಂದೇ ಹಚ್ಚಿದೆ.
"ಇದು ಹಳೇದು, ಕೆನ್ನೆಗೆ ಬಿಸಿ ತಾಗ್ತೈತೆ."
"ಇದು ಹೊಡಿತೈತಲ್ಲ, ಅದು. ರೆಪ್ಪೆ ಒಳಗೇ ಬಂದ್ಬಿಡ್ತು."
ಮೂರನೆಯದು ಹಚ್ಚಿ ಕಾದೆ.
"ಹಚ್ಚಮ್ಮ ಹುಲಿಗೆಮ್ಮ, ಯಾಕ್ ತಡ?"

ಕಣ್ಣು ಬಿಟ್ಟು, ಹತ್ತಿರ ಬಂದು, ಉಗುರಿಂದ ಗೀರಿದ.
ಬೆರಳಿಗೆ ಕೆಂಪು ರಾಡಿ, ಇನ್ನೂ ಹಸಿ.
ಗೀರಿದಷ್ಟೇ ಅಗಲ
ಒಳಗೇ ಕೂಗುತ್ತಿದ್ದ ಬೆಳಕು ಹೊರಬಂತು.
"ತಣ್ಣಗೈತಲ್ಲ ಇದು," ಎಂದ, "ಒಣಗೋದ್ ಹೆಂಗೆ?"

ಹಳೆಯದರ ಗುಮ್ಮಟ ನೋಡಿದೆ. ಅದೇ ಮಂಜು, ಅದೇ ರಸ್ತೆ.
ರಾಡಿ ಹಕ್ಕಳೆಯಾಗಿ ಎದ್ದು ತಾನೇ ಉದುರಿತ್ತು.
ನಾನು ದಂಡ ಎಂದು ಬರೆದಿದ್ದ ಕಾವು
ಇಷ್ಟು ವರ್ಷ ಗಾಜು ಒರೆಸುತ್ತಿತ್ತು, ಸಂಬಳವಿಲ್ಲದೆ.
ರಾತ್ರಿ ಪಾಳಿಯಲ್ಲಿ ಅದರ ನೆತ್ತಿಗೆ
ನಾವು ರೊಟ್ಟಿ ಇಟ್ಟು ಬಿಸಿ ಮಾಡಿಕೊಂಡದ್ದು
ಯಾವ ಕ್ಯಾಟಲಾಗಿನಲ್ಲೂ ಇಲ್ಲ.

ಐದೂಕಾಲಿಗೆ ಇಂಡೆಂಟು ಬರೆದೆ:
ಎಲ್‌ಇಡಿ ಬೀಕನ್, ಇಪ್ಪತ್ನಾಲ್ಕು ವೋಲ್ಟ್, ನಲವತ್ತು.
ಮಿಂಚುವುದು ಬೇಡ, ಸುತ್ತುವ ಮಾದರಿ.
ಹತ್ತಿ ಬಟ್ಟೆ, ಇಪ್ಪತ್ತು ಕಿಲೋ.

ಸ್ಟೋರಿನ ಎರ್ರಿಸ್ವಾಮಿ ಕನ್ನಡಕ ಏರಿಸಿದ.
"ದೀಪಕ್ಕೂ ಬಟ್ಟೆಗೂ ಏನಮ್ಮ ಸಂಬಂಧ?"
ಹೊರಗೆ ಶಿಫ್ಟ್ ಬಸ್ಸು ಹಾರ್ನ್ ಹೊಡೆಯುತ್ತಿತ್ತು.
ಆರನೇ ಬೆಂಚಿಗೆ ಹೋಗಿ ನಿಂತು ಬಾ ಎಂದೆ,
ರಾತ್ರಿ ಹೊತ್ತು.